ಇನ್ನಾಸಪ್ಪನ ಹಳದಿ ಕಾರ್ಡು

ಹಲಸೂರಿನ ಇನ್ನಾಸಪ್ಪ ದೇವರನ್ನು ಬಿಟ್ಟದ್ದು ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ಮನೆಯಲ್ಲಿ ಯಾರೂ ಅಕಾಲದಲ್ಲಿ ಸತ್ತಿರಲಿಲ್ಲ. ಬೇಡಿಕೊಂಡದ್ದು ಸಿಗಲಿಲ್ಲವೆಂಬ ಕೊರಗೂ ಇರಲಿಲ್ಲ. ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಸಂಜೆ ಹೊತ್ತು ಫುಟ್‌ಬಾಲ್ ರೆಫರಿ, ಭಾನುವಾರ ಬೆಳಿಗ್ಗೆ ಹೆಂಡತಿ ಲೂರ್ದಮ್ಮನ ಜೊತೆ ಚರ್ಚು. ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕು. ತೊಂಬತ್ತೊಂದರ ಒಂದು ಭಾನುವಾರ ಫಾದರ್ ಪ್ರಸಂಗ ಮಾಡುತ್ತಿರುವಾಗ ಇನ್ನಾಸಪ್ಪ ಆಫ್‌ಸೈಡ್ ನಿಯಮದ ಬಗ್ಗೆ ಯೋಚಿಸುತ್ತ ಕೂತಿದ್ದ. ಮುಂದಿನ ಭಾನುವಾರವೂ ಅದೇ ಆಯಿತು. ಮೂರನೆಯ ಭಾನುವಾರ, ಎಲ್ಲರೂ ಕಣ್ಣು ಮುಚ್ಚಿದಾಗ ತಾನೊಬ್ಬ ಕಣ್ಣು ಬಿಟ್ಟುಕೊಂಡಿರುವುದು ಅವನಿಗೇ ಕಂಡಿತು. ತನಗೆ ಇದರಲ್ಲಿ ನಂಬಿಕೆಯಿಲ್ಲ, ಯಾವತ್ತೋ ಹೋಗಿದೆ, ಹೋದದ್ದು ತನಗೇ ತಿಳಿದಿರಲಿಲ್ಲ ಎನ್ನಿಸಿತು. ನಂಬಿಕೆಯಿಲ್ಲದೆ ಅಲ್ಲಿ ಕೂರುವುದು ಮೋಸದಾಟ. ನಾಲ್ಕನೆಯ ಭಾನುವಾರ ಅವನು ಒಳಗೆ ಹೋಗಲಿಲ್ಲ.

ಫಾದರ್ ಸಿರಿಲ್ ಮನೆಗೇ ಬಂದರು.

"ಏನಾಯ್ತಪ್ಪ ಇನ್ನಾಸಪ್ಪ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಫಾದರ್. ನಾನು ರೆಫರಿ. ನನ್ನ ಕಣ್ಣಿಗೆ ಬೀಳದೆ ಇರೋದಕ್ಕೆ ನಾನು ವಿಸಿಲ್ ಊದಲ್ಲ."

"ನೀನು ನೋಡದೆ ಇದ್ರೂ ಲೈನ್ಸ್‌ಮನ್ ಬಾವುಟ ಎತ್ತಿದ್ರೆ ಊದ್ತೀಯಲ್ಲ? ನಾನು ಎತ್ತಿದೀನಿ ಅಂದ್ಕೋ."

ಇದಕ್ಕೆ ಇನ್ನಾಸಪ್ಪನಿಗೆ ಉತ್ತರ ಹೊಳೆಯಲಿಲ್ಲ. ಲೈನ್ಸ್‌ಮನ್ ಮಾತನ್ನು ರೆಫರಿ ಕೇಳಲೇಬೇಕೆಂದಿಲ್ಲ ಎಂಬ ಉತ್ತರ ಮರುದಿನ ಕಾರ್ಖಾನೆಯ ಬಸ್ಸಿನಲ್ಲಿ ಹೊಳೆಯಿತು. ಅಷ್ಟು ಹೊತ್ತಿಗೆ ಫಾದರ್ ತಾವು ಗೆದ್ದೆವೆಂದು ಊರೆಲ್ಲ ಹೇಳಿಕೊಂಡಾಗಿತ್ತು.

ಲೂರ್ದಮ್ಮ ಒಂದು ವಾರ ಗಂಡನ ಜೊತೆ ಮಾತು ಬಿಟ್ಟಳು. ಎಂಟನೆಯ ದಿನ ಮಾತಾಡಿ ಒಂದು ಕರಾರು ಹಾಕಿದಳು: "ನೀವು ಒಳಗೆ ಬರ್ಬೇಡಿ. ಆದ್ರೆ ನಾನು ಒಬ್ಳೇ ಹೋಗೋಳಲ್ಲ. ಗೇಟ್ ತನಕ ಬಿಡ್ಬೇಕು, ಪೂಜೆ ಮುಗಿಯೋ ತನಕ ಇರ್ಬೇಕು, ವಾಪಸ್ ಕರ್ಕೊಂಡು ಬರ್ಬೇಕು." ಇನ್ನಾಸಪ್ಪ ಒಪ್ಪಿದ. ಅಂದಿನಿಂದ ಪ್ರತಿ ಭಾನುವಾರ ಚರ್ಚಿನ ಎದುರಿನ ಟೀ ಅಂಗಡಿಯ ಮುಂದೆ ಒಂದೂವರೆ ಗಂಟೆ ನಿಲ್ಲುವುದು ಅವನ ಪಾಲಿನ ವ್ರತವಾಯಿತು. ಒಳಗೆ ಹೋಗುವವರಾದರೂ ಮಳೆ, ನೆಗಡಿ, ನೆಂಟರು ಎಂದು ತಪ್ಪಿಸಿಕೊಳ್ಳುತ್ತಿದ್ದರು. ಹೊರಗೆ ನಿಲ್ಲುವ ಇನ್ನಾಸಪ್ಪ ಒಂದು ವಾರವೂ ತಪ್ಪಿಸಲಿಲ್ಲ.

ಅಲ್ಲೇ ಅವನನ್ನು ಕಂಡವನು ವಾಜಿದ್. ಶಿವಾಜಿನಗರದಲ್ಲಿ ಸ್ಕೂಟರ್ ಸೀಟಿಗೆ ಕವರ್ ಹೊಲಿಯುವ ಅಂಗಡಿ, ಮನೆ ಮಾತ್ರ ಹಲಸೂರಿನ ಮಸೀದಿ ಬೀದಿಯಲ್ಲಿ. ಆ ಬೀದಿಯ ಹುಡುಗರ ಗುಲ್ಶನ್ ಕ್ಲಬ್ ಎಂಬ ಫುಟ್‌ಬಾಲ್ ತಂಡಕ್ಕೆ ಅವನೇ ಮ್ಯಾನೇಜರು. ಆರು ತಿಂಗಳು ನೋಡಿ ನೋಡಿ ಒಂದು ದಿನ ಹತ್ತಿರ ಬಂದ.

"ಭಾಯ್, ತಪ್ಪು ತಿಳ್ಕೋಬೇಡಿ. ಒಳಗೂ ಹೋಗಲ್ಲ, ಮನೆಗೂ ಹೋಗಲ್ಲ. ಮಧ್ಯ ನಿಂತಿದೀರ. ಮಧ್ಯ ನಿಂತಿರೋರಿಗೆ ನಮ್ ಕಡೆ ಜಾಗ ಇದೆ."

ಹಾಗೆಂದು ಕನ್ನಡದಲ್ಲಿದ್ದ ಒಂದು ಧರ್ಮದ ಪುಸ್ತಿಕೆ ಕೊಟ್ಟ. ಇನ್ನಾಸಪ್ಪ ಅದನ್ನು ಪೆನ್ಸಿಲ್ ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಮುಂದಿನ ಭಾನುವಾರ ಹದಿನೇಳು ಪ್ರಶ್ನೆಗಳ ಸಮೇತ ವಾಪಸು ಕೊಟ್ಟ. ವಾಜಿದ್ ಆ ಪ್ರಶ್ನೆಗಳನ್ನು ಮಸೀದಿಯ ಹಜ್ರತ್ ಹತ್ತಿರ ತೆಗೆದುಕೊಂಡು ಹೋದ. ಅವರು ಒಂಬತ್ತಕ್ಕೆ ಉತ್ತರ ಹೇಳಿ, "ಉಳಿದ ಎಂಟು ಅವನಿಗ್ಯಾಕೆ ಬೇಕಂತೆ?" ಎಂದು ಕೇಳಿದರಂತೆ. ಇನ್ನೊಂದು ಪುಸ್ತಿಕೆ ಬಂತು, ಇನ್ನಷ್ಟು ಪ್ರಶ್ನೆಗಳು ಹೋದವು. ವರ್ಷಗಟ್ಟಲೆ ಇದೇ ನಡೆಯಿತು. ವಾಜಿದ್ ಮಾತ್ರ ಧೈರ್ಯಗೆಡಲಿಲ್ಲ. "ಇವತ್ತಲ್ಲ ನಾಳೆ ಬರ್ತಾನೆ. ಇಷ್ಟು ಓದ್ಕೊಂಡಿರೋನು ನಮ್ ಬೀದೀಲೇ ಯಾರೂ ಇಲ್ಲ" ಎನ್ನುತ್ತಿದ್ದ.

ಇನ್ನಾಸಪ್ಪನಿಗೆ ಒಳಗೊಳಗೇ ಒಂದು ಜಂಬ ಬೆಳೆದಿತ್ತು. ಒಂದು ಕಡೆಯವರು ಮಂಡಿಯೂರುತ್ತಾರೆ, ಇನ್ನೊಂದು ಕಡೆಯವರು ಹಣೆ ಊರುತ್ತಾರೆ, ನೆಟ್ಟಗೆ ನಿಂತಿರುವವನು ಈ ಹಲಸೂರಿನಲ್ಲಿ ತಾನೊಬ್ಬನೇ ಎಂದು ಅವನಿಗನ್ನಿಸುತ್ತಿತ್ತು.

ಕೆರೆಯ ಹಿಂದಿನ ಮೈದಾನದಲ್ಲಿ ಪ್ರತಿ ಆಗಸ್ಟ್ ಹದಿನೈದಕ್ಕೆ ಚರ್ಚಿನ ಯುವಕ ಸಂಘಕ್ಕೂ ಗುಲ್ಶನ್ ಕ್ಲಬ್ಬಿಗೂ ಒಂದು ಪಂದ್ಯ ನಡೆಯುತ್ತಿತ್ತು. ಅದಕ್ಕೆ ಸೌಹಾರ್ದ ಕಪ್ ಎಂದು ಹೆಸರು. ಯಾರು ಇಟ್ಟ ಹೆಸರೋ, ಒಂದು ವರ್ಷವೂ ಪೊಲೀಸರು ಬಾರದೆ ಅದು ಮುಗಿದದ್ದಿರಲಿಲ್ಲ. ಗುಲ್ಶನ್‌ನವರು ಮೂವತ್ತು ದಾಟಿದವರನ್ನು ಹುಡುಗರೆಂದು ಆಡಿಸುತ್ತಾರೆಂದು ಚರ್ಚಿನವರ ದೂರು. ಚರ್ಚಿನವರು ಕುಡಿದು ಆಡುತ್ತಾರೆಂದು ಗುಲ್ಶನ್‌ನವರ ದೂರು. ದೂರು ಎಷ್ಟೇ ಇದ್ದರೂ ಕೊನೆಗೆ ಬಂದು ನಿಲ್ಲುವುದು ರೆಫರಿಯ ಮೇಲೆ. ಒಂದು ವರ್ಷ ಹೊರಗಿನಿಂದ ಕರೆಸಿದ ರೆಫರಿ ಮಧ್ಯಂತರದಲ್ಲಿ ಚರ್ಚಿನವರು ಕೊಟ್ಟ ಕೇಕ್ ತಿಂದನೆಂದು ಗುಲ್ಶನ್‌ನವರು ಆಟ ನಿಲ್ಲಿಸಿದರು. ಮರುವರ್ಷದ ರೆಫರಿಯ ಗಡ್ಡ ನೋಡಿ ಚರ್ಚಿನವರು ಆಟವನ್ನು ಶುರುವಾಗಲೇ ಬಿಡಲಿಲ್ಲ. ಆತ ಕಗ್ಗದಾಸಪುರದ ಬೈಲಪ್ಪ, ತಿರುಪತಿಗೆ ಮುಡಿ ಕೊಡಲು ಹರಕೆ ಹೊತ್ತು ಬಿಟ್ಟಿದ್ದ ಗಡ್ಡ ಅದು. ಆಮೇಲೆ ಹಲಸೂರಿನ ಪಂದ್ಯವೆಂದರೆ ರೆಫರಿಗಳೆಲ್ಲ ಅವತ್ತೇ ಜ್ವರ ಬರಿಸಿಕೊಳ್ಳತೊಡಗಿದರು.

ತೊಂಬತ್ತೇಳರಲ್ಲಿ ವಾಜಿದ್ ಇನ್ನಾಸಪ್ಪನ ಹೆಸರು ಎತ್ತಿದ. ಚರ್ಚಿನವರು ಕೂಡಲೇ ಒಪ್ಪಿದ್ದು ಅವನಿಗೇ ಆಶ್ಚರ್ಯವಾಯಿತು. ಚರ್ಚಿನವರ ಲೆಕ್ಕಾಚಾರ ಇಷ್ಟೆ: ಬಾಯಲ್ಲಿ ಏನೇ ಹೇಳಲಿ, ಹುಟ್ಟಿದಾಗ ಹಣೆಗೆ ಹಾಕಿದ ಜ್ಞಾನಸ್ನಾನದ ನೀರು ಆರುವುದಿಲ್ಲ, ಇಕ್ಕಟ್ಟಿನಲ್ಲಿ ನಮ್ಮ ಕಡೆಗೇ ಊದುತ್ತಾನೆ. ಗುಲ್ಶನ್‌ನವರ ಲೆಕ್ಕಾಚಾರ: ಚರ್ಚಿನ ಮೇಲೆ ಮುನಿಸಿಕೊಂಡು ಹೊರಗೆ ಬಂದವನು ಅವರಿಗೆ ಯಾಕೆ ಊದುತ್ತಾನೆ? ಆ ವರ್ಷ ಇನ್ನಾಸಪ್ಪ ಎರಡೂ ಕಡೆಯವರಿಗೆ ಒಂದೊಂದು ಪೆನಾಲ್ಟಿ ಕೊಟ್ಟು, ಎರಡೂ ಕಡೆಯವರಿಂದ ಸಮನಾಗಿ ಬೈಸಿಕೊಂಡು, ಪೊಲೀಸರಿಲ್ಲದೆ ಪಂದ್ಯ ಮುಗಿಸಿದ. ಅವನ ಜಂಬ ಇನ್ನೊಂದು ಗೇಣು ಬೆಳೆಯಿತು.

ತೊಂಬತ್ತೆಂಟರದು ಬೇರೆಯೇ ಕತೆ. ಆ ಜೂನ್ ಜುಲೈನಲ್ಲಿ ವಿಶ್ವಕಪ್ ನಡೆದು, ಹಲಸೂರಿನ ಹುಡುಗರೆಲ್ಲ ಟೀವಿ ಮುಂದೆ ಕೂತು, ಗೋಲು ಹೊಡೆಯುವುದನ್ನು ಕಲಿಯದಿದ್ದರೂ ಹೊಡೆದ ಮೇಲೆ ಏನೇನು ಮಾಡಬೇಕೆಂಬುದನ್ನು ಚೆನ್ನಾಗಿ ಕಲಿತಿದ್ದರು.

ಆಟ ಶುರುವಾದ ಹತ್ತನೆಯ ನಿಮಿಷಕ್ಕೆ ಮೊದಲ ಗೋಲು ಹೊಡೆದವನು ಚರ್ಚಿನ ತಂಡದ ವಸಂತ್. ಅವನು ಕ್ರಿಶ್ಚಿಯನ್ ಅಲ್ಲ. ಹಲಸೂರಿನ ಹಳೆಯ ಒಕ್ಕಲು ಮನೆತನದ ಹುಡುಗ, ಬಲಗಡೆ ಓಡುವವರು ಸಿಗದೆ ಚರ್ಚಿನವರು ಕಾಡಿಬೇಡಿ ಕರೆತಂದಿದ್ದರು. ಗೋಲು ಹೊಡೆದವನೇ ಮೂಲೆಯ ಬಾವುಟದ ಹತ್ತಿರ ಓಡಿ, ಅಂಗಿಯನ್ನು ತಲೆಗೆ ಸುತ್ತಿಕೊಂಡು, ತಮಟೆ ಬಡಿದಂತೆ ಎದೆ ಬಡಿದುಕೊಂಡು ಕುಣಿದ. ಗೋಡೆಯ ಮೇಲೆ ಕೂತವರೆಲ್ಲ ಸಿಳ್ಳೆ ಹಾಕಿದರು. ಗುಲ್ಶನ್‌ನ ಇಬ್ಬರು ಹುಡುಗರೂ ಗೋಲು ಬಿಟ್ಟ ಬೇಸರ ಮರೆತು ಸೊಂಟ ಅಲ್ಲಾಡಿಸಿದರು. ಇನ್ನಾಸಪ್ಪ ವಿಸಿಲ್ ಬಾಯಲ್ಲಿಟ್ಟುಕೊಂಡೇ ನಕ್ಕ.

ಎರಡನೆಯದೂ ಚರ್ಚಿನದೇ. ಹೊಡೆದವನು ಡೊಮಿನಿಕ್, ಮುಂಚೂಣಿ ಆಟಗಾರ. ಓಡಿಹೋಗಿ ಮಂಡಿಯೂರಿದ, ಶಿಲುಬೆ ಗುರುತು ಮಾಡಿಕೊಂಡ, ಕೊರಳಿನ ಪದಕಕ್ಕೆ ಮುತ್ತಿಟ್ಟ, ಎರಡು ಕೈಯನ್ನೂ ಆಕಾಶಕ್ಕೆ ಎತ್ತಿದ, ಅದೂ ಸಾಲದೆ ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಫಾದರ್ ಸಿರಿಲ್ ಹತ್ತಿರ ಹೋಗಿ ತಲೆ ಬಗ್ಗಿಸಿದ. ಫಾದರ್ ತಲೆಯ ಮೇಲೆ ಕೈಯಿಟ್ಟರು. ಇನ್ನಾಸಪ್ಪ ಗಡಿಯಾರ ನೋಡಿದ. ನಲವತ್ತೈದು ಸೆಕೆಂಡು. ಡೊಮಿನಿಕ್ ತಿರುಗಿ ಬರುವಷ್ಟರಲ್ಲಿ ಮೂಗಿನ ಮುಂದೆ ಹಳದಿ ಕಾರ್ಡು.

"ಯಾಕಣ್ಣ?"

"ಟೈಮ್ ವೇಸ್ಟ್."

ಡೊಮಿನಿಕ್ ಗಾಬರಿಗೆ ಇನ್ನೊಂದು ಸಲ ಶಿಲುಬೆ ಗುರುತು ಮಾಡಿಕೊಂಡ. ಚರ್ಚಿನವರು ಕೂಗಾಡಿದರು, ಗುಲ್ಶನ್‌ನವರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ನಿಂತದ್ದು ದ್ವಿತೀಯಾರ್ಧದಲ್ಲಿ. ಗುಲ್ಶನ್ ಒಂದು ಗೋಲು ಹೊಡೆಯಿತು. ಅವರು ಮಾಡಿದರೆ ನಾವೇನು ಕಡಿಮೆ ಎಂದು ಇಡೀ ತಂಡ ಸಾಲಾಗಿ ನಿಂತು, ನೆಲಕ್ಕೆ ಹಣೆ ಊರುವ ಸಜ್ದಾಕ್ಕೆ ತಯಾರಾಯಿತು. ಆದರೆ ಮೋಡ ಕವಿದು ಸೂರ್ಯ ಕಾಣದೆ, ಮೆಕ್ಕಾ ಇರುವ ಪಡುವಣ ಯಾವ ಕಡೆ ಎಂದು ಅವರಲ್ಲೇ ವಾದ ಬಿತ್ತು. ಅರ್ಧ ಜನ ಕೆರೆ ಕಡೆ ಎಂದರು, ಅರ್ಧ ಜನ ಗೋಡೆ ಕಡೆ ಎಂದರು. ಗೆರೆಯಾಚೆಯಿಂದ ವಾಜಿದ್, "ಅರೇ, ಆ ಕಡೆ ಅಲ್ಲ! ನೀರಿನ ಟ್ಯಾಂಕ್ ಕಡೆ!" ಎಂದು ಗಂಟಲು ಹರಿದುಕೊಂಡ. ಅಷ್ಟು ದೂರದಿಂದ ಓಡಿಬಂದ ಗೋಲ್‌ಕೀಪರ್ ಎಲ್ಲರಿಗೂ ಬೆನ್ನು ಮಾಡಿ ಬಗ್ಗಿದ್ದನ್ನು ನಾಯಕ ಹಿಡಿದು ತಿರುಗಿಸಬೇಕಾಯಿತು. ಒಟ್ಟು ಐವತ್ತು ಸೆಕೆಂಡು. ಹನ್ನೊಂದು ಜನಕ್ಕೂ ಕಾರ್ಡ್ ಕೊಡಲಾಗದೆ ಇನ್ನಾಸಪ್ಪ ನಾಯಕನೊಬ್ಬನಿಗೆ ಕೊಟ್ಟ.

ಕಾರ್ಡನ್ನು ಜೇಬಿನಿಂದ ಎಳೆಯುವಾಗ ಅವನಿಗೆ ಒಂದು ಖುಷಿಯಾಯಿತು. ಬಾಯಲ್ಲಿ ಬೆಲ್ಲ ಕರಗಿದ ಹಾಗೆ. ಇದನ್ನು ಅವನು ಆಗ ಗಮನಿಸಿ, ಬೇಗ ಪಕ್ಕಕ್ಕೆ ತಳ್ಳಿದ.

ಕೊನೆಯ ನಿಮಿಷದಲ್ಲಿ ಗುಲ್ಶನ್ ಇನ್ನೊಂದು ಗೋಲು ಹೊಡೆದು ಸಮ ಮಾಡಿಕೊಂಡಿತು. ಇಪ್ಪತ್ತು ಗಜದಿಂದ ಹೊಡೆದ ಗೋಲು, ಆ ಮೈದಾನ ಅಂಥದ್ದು ಕಂಡಿರಲಿಲ್ಲ. ಆದರೆ ಹೊಡೆದ ಹುಡುಗ ರೆಫರಿಯ ಮುಖ ನೋಡಿ ಕೈಕಟ್ಟಿ ನಿಂತುಬಿಟ್ಟ. ಉಳಿದವರೂ ಗ್ರೂಪ್ ಫೋಟೋಕ್ಕೆ ನಿಂತವರ ಹಾಗೆ ಅಲ್ಲಾಡದೆ ನಿಂತರು. ಇಡೀ ಮೈದಾನದಲ್ಲಿ ಸದ್ದಿಲ್ಲ. ಇನ್ನಾಸಪ್ಪನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯುವಷ್ಟರಲ್ಲಿ ಆಟದ ವೇಳೆ ಮುಗಿದಿತ್ತು.

ಕೊನೆಯ ವಿಸಿಲ್ ಊದಿದ್ದೇ ತಡ, ಸೌಹಾರ್ದ ಕಪ್ಪಿನ ಚರಿತ್ರೆಯಲ್ಲಿ ಮೊದಲ ಸಲ ಎರಡೂ ತಂಡದವರು ಒಂದೇ ದಿಕ್ಕಿಗೆ ಓಡಿದರು. ಆ ದಿಕ್ಕಿನಲ್ಲಿ ಇನ್ನಾಸಪ್ಪನಿದ್ದ. "ದೇವ್ರಿಲ್ದೋನಿಗೆ ಏನ್ ಗೊತ್ತೋ!" ಎಂದು ಡೊಮಿನಿಕ್ ಕೂಗಿದರೆ, "ಬರೋಬ್ಬರಿ ಹೇಳ್ದೆ ನೋಡು ಮಗಾ!" ಎಂದು ಗುಲ್ಶನ್‌ನ ನಾಯಕ ಡೊಮಿನಿಕ್‌ನ ಹೆಗಲ ಮೇಲೆ ಕೈಹಾಕಿದ. ವಾಜಿದ್ ಅಡ್ಡ ನಿಂತದ್ದರಿಂದ ಹೊಡೆತ ಬೀಳಲಿಲ್ಲ.

ಮರುದಿನ ಭಾನುವಾರ ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಇನ್ನಾಸಪ್ಪ ಬಾಗಿಲು ತೆಗೆದರೆ ಫಾದರ್ ಸಿರಿಲ್ ಮತ್ತು ಮಸೀದಿ ಕಮಿಟಿಯ ಅಧ್ಯಕ್ಷರಾದ ಸದರ್ ಖಲೀಲುಲ್ಲಾ ಸಾಹೇಬರು ಇಬ್ಬರೂ ಎದುರಿಗೇ ನಿಂತಿದ್ದಾರೆ, ಹಿಂದೆ ವಾಜಿದ್. ಇಬ್ಬರೂ ಬೇರೆ ಬೇರೆಯಾಗಿ ದೂರು ಕೊಡಲು ಹೊರಟು ಮೆಟ್ಟಿಲಲ್ಲಿ ಡಿಕ್ಕಿಯಾಗಿದ್ದರು. ಚರ್ಚಿಗೂ ಮಸೀದಿಗೂ ನಾನೂರು ಹೆಜ್ಜೆ. ಹನ್ನೊಂದು ವರ್ಷದಿಂದ ದೂರದಲ್ಲೇ ತಲೆಯಾಡಿಸಿಕೊಂಡಿದ್ದವರು ಇವತ್ತೇ ಮೊದಲ ಸಲ ಒಂದೇ ಬೆಂಚಿನ ಮೇಲೆ ಕೂತರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

"ಇನ್ನಾಸಪ್ಪನೋರೇ," ಸದರ್ ಸಾಹೇಬರು ಶುರು ಮಾಡಿದರು, "ನಮ್ ಹುಡುಗ್ರು ವರ್ಷಕ್ಕೊಂದ್ಸಲ ತಾವಾಗೇ ಅಲ್ಲಾಹ್‌ಗೆ ಶುಕ್ರಿಯಾ ಹೇಳಿದ್ರು. ಅದಕ್ಕೂ ಕಾರ್ಡಾ?"

"ನಿಮ್ಮೋರೂ ವರ್ಷಕ್ಕೊಂದ್ಸಲಾನಾ?" ಫಾದರ್ ತಿರುಗಿದರು. "ನಮ್ಮೋರು ಪೂಜೆಗೆ ಕರೆದ್ರೆ ಮಂಡಿ ನೋವು ಅಂತಾರೆ ಸಾಹೇಬ್ರೆ. ಮೈದಾನದಲ್ಲಿ ಮಾತ್ರ ದಬಕ್ಕಂತ ಊರ್ತಾರೆ. ಅದನ್ನೂ ಇವ್ನು ನಿಲ್ಲಿಸ್ಬಿಟ್ರೆ ನಮ್ಗೆ ಏನು ಉಳೀತು?"

"ಬೆಳಗಿನ ಫಜರ್ ನಮಾಜ್‌ಗೆ ಎಬ್ಸಿದ್ರೆ ಹೆಣ ಬಿದ್ದಂಗೆ ಬಿದ್ದಿರ್ತಾರೆ ಫಾದರ್! ರಾತ್ರಿ ಎಲ್ಲ ಮ್ಯಾಚ್ ನೋಡೋದು!"

ಇಬ್ಬರೂ ಇನ್ನಾಸಪ್ಪನನ್ನು ಮರೆತು ಹುಡುಗರ ಸೋಮಾರಿತನ ಹಂಚಿಕೊಳ್ಳತೊಡಗಿದರು. ಬೆಂಚಿನ ನಡುವಿನ ಜಾಗ ಗೊತ್ತಿಲ್ಲದ ಹಾಗೆ ಕಿರಿದಾಯಿತು. ಕೊನೆಗೆ ಇನ್ನಾಸಪ್ಪನೇ ಕೆಮ್ಮಿ ನೆನಪಿಸಬೇಕಾಯಿತು. ಅವನು ನಿಯಮದ ಪುಸ್ತಕ, ತನ್ನ ನೋಟ್‌ಬುಕ್ಕು ಎರಡನ್ನೂ ಮೇಜಿನ ಮೇಲಿಟ್ಟ.

"ಫಾದರ್, ಸಾಹೇಬ್ರೆ, ಈ ಪುಸ್ತಕದಲ್ಲಿ ಯೇಸುಸ್ವಾಮಿನೂ ಇಲ್ಲ, ಅಲ್ಲಾಹ್‌ನೂ ಇಲ್ಲ. ಆಟ ಶುರು ಮಾಡೋಕೆ ತಡ ಮಾಡಿದ್ರೆ ಕಾರ್ಡ್, ಅಷ್ಟೇ ಇರೋದು. ಡೊಮಿನಿಕ್ ನಲವತ್ತೈದು ಸೆಕೆಂಡು, ಇವ್ರು ಐವತ್ತು. ಇಬ್ರಿಗೂ ಒಂದೇ ನ್ಯಾಯ. ಗಡಿಯಾರಕ್ಕೆ ಧರ್ಮ ಇರಲ್ಲ."

ಕಾಫಿ ಲೋಟಗಳ ತಟ್ಟೆ ಹಿಡಿದು ಲೂರ್ದಮ್ಮ ಒಳಗಿನಿಂದ ಬಂದಳು. ಮೊದಲು ಫಾದರ್‌ಗೆ, ಆಮೇಲೆ ಸದರ್ ಸಾಹೇಬರಿಗೆ, ಆಮೇಲೆ ವಾಜಿದ್‌ಗೆ ಕೊಟ್ಟು, ಗಂಡನ ಲೋಟ ತಟ್ಟೆಯಲ್ಲೇ ಇಟ್ಟುಕೊಂಡು ನಿಂತಳು.

"ವಸಂತ್‌ದು ಎಷ್ಟು ಬರ್ಕೊಂಡಿದೀರ?"

"ವಸಂತ್‌ದು ಏನು?"

"ಕುಣಿದ್ನಲ್ಲ. ನಾನು ಗೋಡೆ ಮೇಲೆ ಕೂತು ಜಪಮಾಲೆ ಹೇಳ್ತಾ ಇದ್ದೆ, ಗಲಾಟೆ ಇಲ್ದೆ ಮುಗೀಲಿ ಅಂತ. ಡೊಮಿನಿಕ್ ಮಂಡಿ ಊರಿ ಏಳೋ ಅಷ್ಟರಲ್ಲಿ ಏಳು ಮಣಿ ಆಯ್ತು. ಇವ್ರ ಹುಡುಗ್ರು ಬಗ್ಗಿ ಏಳೋ ಅಷ್ಟರಲ್ಲಿ ಎಂಟು. ವಸಂತ್ ಕುಣಿದಾಗ ಒಂಬತ್ತು ಮಣಿ ಮುಗ್ದು ಹತ್ತನೇದು ಕೈಯಲ್ಲಿತ್ತು. ಅವ್ನಿಗ್ಯಾಕೆ ಕೊಡ್ಲಿಲ್ಲ?"

ಇನ್ನಾಸಪ್ಪ ನೋಟ್‌ಬುಕ್ ತಿರುವಿದ. ಹತ್ತನೆಯ ನಿಮಿಷ, ಗೋಲು, ವಸಂತ್. ಅದರ ಮುಂದೆ ಏನೂ ಇರಲಿಲ್ಲ. ಏಳು ಮಣಿಗೆ ನಲವತ್ತೈದಾದರೆ ಒಂಬತ್ತಕ್ಕೆ ಎಷ್ಟು ಎಂದು ಫಿಟ್ಟರನ ತಲೆ ತಾನಾಗಿ ಗುಣಿಸಿತು. ಐವತ್ತೆಂಟು.

"ಅದು ಕುಣಿತ ಕಣೇ. ಖುಷಿಗೆ ಕುಣಿದ."

"ಇವ್ರೇನು ದುಃಖಕ್ಕೆ ಮಂಡಿ ಊರಿದ್ರಾ?"

ವಾಜಿದ್ ಕಾಫಿ ನೆತ್ತಿಗೇರಿಸಿಕೊಂಡ. ಫಾದರ್ ಮೇಲಕ್ಕೆ ನೋಡಿದರು. ಇನ್ನಾಸಪ್ಪನಿಗೆ ಕಾರ್ಡ್ ಎಳೆದಾಗಿನ ಆ ಬೆಲ್ಲದ ರುಚಿ ನೆನಪಾಯಿತು. ಕುಣಿದವನನ್ನು ಕಂಡು ನಕ್ಕಿದ್ದ, ಪ್ರಾರ್ಥಿಸಿದವರನ್ನು ಕಂಡು ಗಡಿಯಾರ ನೋಡಿದ್ದ. ಗಡಿಯಾರಕ್ಕೆ ಧರ್ಮವಿಲ್ಲ, ನಿಜ. ಅದನ್ನು ಯಾವಾಗ ನೋಡಬೇಕೆಂದು ತೀರ್ಮಾನ ಮಾಡಿದವನು ಮಾತ್ರ ತಾನು. ಯಾವ ಕಡೆಗೂ ಸೇರದವನೆಂದು ಬೀಗುತ್ತಿದ್ದವನಿಗೆ ತನ್ನದೂ ಒಂದು ಕಡೆ ಇದೆ, ಅದರಲ್ಲಿ ತಾನೊಬ್ಬನೇ ಆಟಗಾರ ಎಂದು ಗೊತ್ತಾಗಿ ಕಿವಿ ಬಿಸಿಯಾಯಿತು.

"ತಪ್ಪಾಯ್ತು," ಎಂದ.

"ಹಂಗಾದ್ರೆ ಎರಡೂ ಕಾರ್ಡ್ ವಾಪಸ್ ತಗೋ," ಎಂದರು ಫಾದರ್.

"ಕೊಟ್ಟ ಕಾರ್ಡ್ ವಾಪಸ್ ತಗೊಳ್ಳೋ ಹಂಗಿಲ್ಲ ಫಾದರ್. ಆದ್ರೆ ಕೊಡ್ಬೇಕಾಗಿರೋದು ಒಂದು ಬಾಕಿ ಇದೆ."

ಸೋಮವಾರ ಕಾರ್ಖಾನೆಯಿಂದ ಬಂದವನೇ ರೆಫರಿಯ ಕರಿ ಅಂಗಿ ತೊಟ್ಟು, ವಾಜಿದ್‌ನನ್ನು ಸಾಕ್ಷಿಗೆ ಕರೆದುಕೊಂಡು ವಸಂತನ ಮನೆಗೆ ಹೋದ. ಅಂಗಳದಲ್ಲಿ ವಸಂತನ ತಾಯಿ ಆಂಜನಮ್ಮ ಹಸುವಿಗೆ ಬೂಸ ಕಲಸುತ್ತಿದ್ದರು.

"ವಸಂತ್ ಇದಾನಾ ಅಮ್ಮ?" ಎಂದು ಇನ್ನಾಸಪ್ಪ ಜೇಬಿನಿಂದ ಕಾರ್ಡ್ ತೆಗೆದ.

"ಏನಪ್ಪಾ ಅದು, ರೇಷನ್ ಕಾರ್ಡಾ? ನಮ್ದು ಆಗ್ಲೇ ಮಾಡ್ಸಿ ಆಯ್ತು."

"ಅಲ್ಲಮ್ಮ. ನಿಮ್ಮ ಮಗ ಶನಿವಾರ ಕುಣಿದ."

ಆಂಜನಮ್ಮ ಬೂಸದ ಕೈ ಹಾಗೇ ಹಿಡಿದು ನೆಟ್ಟಗಾದರು. "ಕುಣಿದ್ರೆ ಮನೆ ತಂಕ ಬರ್ತೀರಾ? ಯಾವ ಆಫೀಸ್‌ನೋರು ನೀವು?"

ಅಷ್ಟರಲ್ಲಿ ಲುಂಗಿ ಕಟ್ಟಿಕೊಳ್ಳುತ್ತ ವಸಂತ್ ಬಂದ. ಇನ್ನಾಸಪ್ಪ ಎದೆ ಸೆಟೆಸಿ, ನಿಯಮದ ಪ್ರಕಾರ ಕೈ ಪೂರಾ ಮೇಲೆತ್ತಿ, ಹಳದಿ ಕಾರ್ಡು ತೋರಿಸಿದ. ಹಸು ಬೆದರಿ ಹಗ್ಗ ಜಗ್ಗಿತು. ವಿಷಯ ಕೇಳಿ ವಸಂತ್ ತಲೆ ಕೆರೆದುಕೊಂಡ.

"ಸರಿ ಬಿಡಣ್ಣ. ಈಗ ನಾನು ಆಚೆ ಹೋಗ್ಬೇಕಾ?"

"ಒಂದಕ್ಕೆ ಹೋಗಲ್ಲ. ಎರಡಾದ್ರೆ ಹೋಗ್ಬೇಕು."

"ಇದು ನಮ್ಮನೆ ಅಣ್ಣ!"

ಆಂಜನಮ್ಮನಿಗೆ ಈಗ ಬೇರೆಯದೇ ಹೊಳೆಯಿತು. "ಏನೋ, ಚರ್ಚಿನೋರ ಟೀಮಲ್ಲಿ ಆಡ್ತೀಯಾ ನೀನು? ನನಗೆ ಜಿಮ್‌ಗೆ ಹೋಗ್ತೀನಿ ಅಂದ್ಯಲ್ಲೋ! ನಾಳೆ ಅವ್ರು ನಿನ್ನ ಜೋಸೆಫ್ ಮಾಡ್ಬಿಟ್ರೆ?"

"ಅಮ್ಮ, ಭಯ ಇದ್ರೆ ಮುಂದಿನ್ ವರ್ಷ ನಮ್ ಟೀಮ್‌ಗೆ ಕಳ್ಸಿ," ಎಂದ ವಾಜಿದ್, ಸಹಾಯ ಮಾಡುವವನ ಹಾಗೆ.

ಆಂಜನಮ್ಮ ಅವನನ್ನು ನೋಡಿದ ನೋಟಕ್ಕೆ ವಾಜಿದ್ ಎರಡು ಹೆಜ್ಜೆ ಹಿಂದೆ ಸರಿದ. ಹಾಗೆಂದು ಮನೆ ಬಾಗಿಲಿಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಹೆಂಗಸಲ್ಲ ಆಕೆ. ಬೈಯುತ್ತಲೇ ಇಬ್ಬರಿಗೂ ಒಂದೊಂದು ಲೋಟ ಬಿಸಿ ಹಾಲು ಕೊಟ್ಟರು.

ಈ ಸುದ್ದಿ ಹಲಸೂರಿನ ತುಂಬ ಹಬ್ಬಿತು. ಆಟ ಮುಗಿದು ಎರಡು ದಿನದ ಮೇಲೆ ಆಟಗಾರನ ಮನೆಗೇ ಹೋಗಿ ಕಾರ್ಡ್ ಕೊಟ್ಟ ರೆಫರಿ ಎಂದು ಜನ ವಾರಗಟ್ಟಲೆ ನಕ್ಕರು. ನಗುತ್ತ ನಗುತ್ತ ಎರಡೂ ಕಡೆಯವರ ಸಿಟ್ಟು ಕರಗಿತು. ಫಾದರ್ ಮತ್ತು ಸದರ್ ಸಾಹೇಬರು ಮತ್ತೆ ಅದೇ ಬೆಂಚಿನ ಮೇಲೆ ಕೂತು ಹೊಸ ಕಾನೂನು ಮಾಡಿದರು: ಗೋಲು ಹೊಡೆದ ಮೇಲೆ ಮೂವತ್ತು ಸೆಕೆಂಡು. ಕುಣಿಯಲಿ, ಬಗ್ಗಲಿ, ಮಂಡಿಯೂರಲಿ, ಸುಮ್ಮನೆ ನಿಂತು ಕಡಲೆಕಾಯಿ ತಿನ್ನಲಿ. ಆ ಲೆಕ್ಕ ಇಡುವವರು ಯಾರೆಂಬ ಪ್ರಶ್ನೆಗೆ ಸದರ್ ಸಾಹೇಬರೇ ಲೂರ್ದಮ್ಮನ ಹೆಸರು ಹೇಳಿದರು. ಸ್ವಂತ ಗಂಡನ ತಪ್ಪನ್ನು ನಾಲ್ಕು ಜನರ ಮುಂದೆ ಹೇಳಿದವಳು ಬೇರೆಯವರದ್ದು ಬಿಡುತ್ತಾಳೆಯೇ? ಮಣಿಗೆ ಎಷ್ಟು ಸೆಕೆಂಡು ಎಂದು ತಿಳಿಯಲು ಸಾಹೇಬರು ತಮ್ಮ ಜಪದ ಮಣಿಸರ ತಸ್ಬೀಹ್ ತಂದು ಪಕ್ಕದಲ್ಲಿ ಎಣಿಸಿ ನೋಡಿದರು. ಫಾದರ್‌ಗೆ ಮಾತ್ರ ಬೇರೆ ಸಂಕಟ. "ಒಂದು ನಮೋ ಮರಿಯ ಆರು ಸೆಕೆಂಡಿಗೆ ಮುಗಿಸ್ತೀಯಾ ಲೂರ್ದಮ್ಮ? ಅದು ಪ್ರಾರ್ಥನೆನಾ, ಎಕ್ಸ್‌ಪ್ರೆಸ್ ರೈಲಾ?" ಲೂರ್ದಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೊನೆಗೆ ಅವಳ ಕೊರಳಿಗೆ ಒಂದು ಸ್ಟಾಪ್‌ವಾಚ್ ಬಂತು.

ಇನ್ನೂ ನಾಲ್ಕು ವರ್ಷ ಕಪ್ ನಡೆಯಿತು. ಜಗಳ ನಿಲ್ಲಲಿಲ್ಲ, ಆದರೆ ಪೊಲೀಸರು ಮತ್ತೆ ಬರಲಿಲ್ಲ. ಫಾದರ್ ಸಿರಿಲ್‌ಗೆ ವರ್ಗವಾದಾಗ ಸದರ್ ಸಾಹೇಬರು ಕ್ಯಾರಿಯರ್ ತುಂಬ ಬಿರಿಯಾನಿ ಕಳಿಸಿದರು. ಆಮೇಲೆ ಮೈದಾನಕ್ಕೆ ಬೇಲಿ ಬಿತ್ತು, ಬೇಲಿಯೊಳಗೆ ಅಪಾರ್ಟ್‌ಮೆಂಟು ಎದ್ದಿತು. ಇನ್ನಾಸಪ್ಪನ ಮಂಡಿಗಳೂ ಅದೇ ಹೊತ್ತಿಗೆ ಕೈಕೊಟ್ಟವು.

ಎರಡು ಸಾವಿರದ ಮೂರರಲ್ಲಿ ಇಂದಿರಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಎಡ ಮಂಡಿಗೆ ಆಪರೇಷನ್ ಆಯಿತು. ಲೂರ್ದಮ್ಮ ಒಂಬತ್ತು ದಿನದ ನೊವೇನ ಪ್ರಾರ್ಥನೆ ಹೇಳಿದಳು. ವಾಜಿದ್ ದುವಾ ಓದಿ ಊದಿಸಿದ ನೀರನ್ನು ಬಾಟಲಿಯಲ್ಲಿ ತಂದ. ಇನ್ನಾಸಪ್ಪ ಅದನ್ನು ಕುಡಿದ, ಬಾಯಾರಿತ್ತು, ಅಷ್ಟೇ ಎಂದು ಸ್ಪಷ್ಟಪಡಿಸಿದ. ಆರು ವಾರದಲ್ಲಿ ಚೆನ್ನಾಗಿ ನಡೆದಾಡಿದ. ನೊವೇನದಿಂದ ಎಂದಳು ಅವಳು, ನೀರಿನಿಂದ ಎಂದ ವಾಜಿದ್. "ಇಬ್ರೂ ಸುಮ್ನಿರಿ, ಡಾಕ್ಟ್ರನ್ನೇ ಕೇಳೋಣ" ಎಂದು ಇನ್ನಾಸಪ್ಪ ಇಬ್ಬರನ್ನೂ ಕರೆದುಕೊಂಡು ಹೋದ. ಡಾಕ್ಟರು ಎಕ್ಸ್‌ರೇ ನೋಡಿ ಕೈಮುಗಿದು, "ನಂದೇನಿದೆ, ಎಲ್ಲ ಮೇಲಿರೋನ ಕೃಪೆ. ನಾನು ಪ್ರಾರ್ಥನೆ ಮಾಡ್ದೆ ಚಾಕು ಹಿಡಿಯಲ್ಲ" ಎಂದುಬಿಟ್ಟರು.

ಲೂರ್ದಮ್ಮ ಮತ್ತು ವಾಜಿದ್ ಆಟೋದಲ್ಲಿ ದಾರಿಯುದ್ದಕ್ಕೂ ನಕ್ಕರು. ಇನ್ನಾಸಪ್ಪನಿಗೆ ಮೈಯೆಲ್ಲ ಉರಿಯಿತು. ಬಲ ಮಂಡಿಗೆ ದೇವರನ್ನು ನಂಬದ ಡಾಕ್ಟರೇ ಬೇಕೆಂದು ಹಟ ಹಿಡಿದು ಹಲಸೂರಿನಿಂದ ಹೊರಮಾವಿನವರೆಗೆ ಹುಡುಕಿದ. ಒಬ್ಬರ ಮೇಜಿನ ಮೇಲೆ ಗಣಪತಿ, ಇನ್ನೊಬ್ಬರ ಗೋಡೆಯ ಮೇಲೆ ಕಾಬಾ, ಮತ್ತೊಬ್ಬರ ಸ್ಟೆತಾಸ್ಕೋಪಿನಲ್ಲೇ ಶಿಲುಬೆ. ಕೊನೆಗೆ ಒಬ್ಬ ಯುವ ಡಾಕ್ಟರು ಸಿಕ್ಕಿದರು, ತಮಗೆ ಯಾವ ದೇವರಲ್ಲೂ ನಂಬಿಕೆಯಿಲ್ಲ ಎಂದರು. ಇನ್ನಾಸಪ್ಪ ಸಂತೋಷದಿಂದ, "ಎಷ್ಟು ಆಪರೇಷನ್ ಮಾಡಿದೀರ?" ಎಂದು ಕೇಳಿದ. "ನಿಮ್ದೇ ಮೊದಲು" ಎಂದರು.

ಎರಡು ಸಾವಿರದ ಏಳರಲ್ಲಿ ಅವನು ಹಳೆಯ ಡಾಕ್ಟರ ಹತ್ತಿರವೇ ಮೇಜಿನ ಮೇಲೆ ಮಲಗಿದ್ದ. ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಮೇಲೆ ಎಚ್ಚರವಿತ್ತು. ಹಿಂದಿನ ಸಲ ಈತ ಮುನಿಸಿಕೊಂಡು ಹೋದದ್ದು ಡಾಕ್ಟರಿಗೆ ನೆನಪಿತ್ತೇನೋ, ಕೈಗವಸು ಹಾಕಿಕೊಂಡು ನೇರ ಚಾಕುವಿಗೆ ಕೈಹಾಕಿದರು.

"ಡಾಕ್ಟ್ರೇ, ಒಂದ್ನಿಮಿಷ," ಎಂದ ಇನ್ನಾಸಪ್ಪ. "ನಿಮ್ಮ ಪ್ರಾರ್ಥನೆ ಆಯ್ತಾ?"

"ಇಲ್ಲ. ನಿಮಗೆ ಬೇಜಾರಾಗುತ್ತೆ ಅಂತ..."

"ಪರವಾಗಿಲ್ಲ, ಮಾಡ್ಕೊಂಡೇ ಶುರು ಮಾಡಿ. ಕಾಲು ನಂದು. ನಿಮ್ಮ ಕೈ ನಡುಗಬಾರ್ದು."

ಡಾಕ್ಟರು ಕಣ್ಣು ಮುಚ್ಚಿದರು. ನರ್ಸಮ್ಮನೂ ಮುಚ್ಚಿದಳು. ಇನ್ನಾಸಪ್ಪ ಕಣ್ಣು ತೆರೆದುಕೊಂಡೇ, ಮೇಲಿನ ದೊಡ್ಡ ದೀಪವನ್ನು ನೋಡುತ್ತ, ಅವರದು ಮುಗಿಯುವವರೆಗೆ ಸುಮ್ಮನೆ ಕಾದ.